ಶುಕ್ರವಾರ ಶಿವಾಜಿನಗರಕ್ಕೆ

ಪ್ರಿಯ ಸಹೋದರಿ, ನಿಮ್ಮ ಬುರ್ಖಾದ ಒಳಗೆ ಏನು ಉಟ್ಟಿದ್ದೀರಿ?

ಸಿಟ್ಟಾಗಬೇಡಿ. ಮೊದಲು ನನ್ನ ಉತ್ತರ ಹೇಳಿಬಿಡುತ್ತೇನೆ. ಕಳೆದ ವರ್ಷದ ಶಅಬಾನ್ ತಿಂಗಳವರೆಗೆ ನನ್ನ ಬುರ್ಖಾದ ಒಳಗೆ ಇರುತ್ತಿದ್ದದ್ದು ನೈಟಿ. ಕಂಕುಳಲ್ಲಿ ಹೊಲಿಗೆ ಬಿಟ್ಟ, ಎಷ್ಟು ಒಗೆದರೂ ಅರಿಸಿನದ ಕಲೆ ಹೋಗದ ನೈಟಿ. ಬೆಳಿಗ್ಗೆ ಮೂರು ಮಕ್ಕಳ ಟಿಫನ್ ಡಬ್ಬಿ ಕಟ್ಟಿ, ಅದರ ಮೇಲೆಯೇ ಬುರ್ಖಾ ಇಳಿಬಿಟ್ಟುಕೊಂಡು ಮದ್ರಸಕ್ಕೆ ಓಡುವುದು. ಯಾರು ನೋಡುತ್ತಾರೆ ಹೇಳಿ?

ವಿಚಿತ್ರವೆಂದರೆ ನಾನು ಹುಡುಗಿಯರಿಗೆ ಉಡುಪಿನ ಪಾಠ ಮಾಡುವವಳು. ಉಡುಪು ಮೈಮುಚ್ಚಲು ಇರುವಂತೆಯೇ ಅಲಂಕಾರಕ್ಕೂ ಇದೆ, ತಖ್ವಾದ ಉಡುಪು ಅವೆಲ್ಲಕ್ಕಿಂತ ಮೇಲು ಎಂಬ ಸೂರಃ ಅಲ್ ಅಅ್‌ರಾಫ್‌ನ ಮಾತನ್ನು ವರ್ಷಕ್ಕೊಮ್ಮೆ ವಿವರಿಸುತ್ತೇನೆ. ಆ ಸಲ ಒಬ್ಬ ಹುಡುಗಿ ಎದ್ದು, “ಆಪಾ, ಹಾಗಾದರೆ ಮನೆಯೊಳಗೆ ಚೆನ್ನಾಗಿ ಉಡಬಹುದಾ?” ಎಂದು ಕೇಳಿದಳು. “ಉಡಬಹುದು ಅಲ್ಲ, ಉಡಬೇಕು” ಎಂದೆ. ಹೆಣ್ಣುಮಕ್ಕಳೇ ಇರುವ ತರಗತಿ, ಸೆಖೆ ಬೇರೆ, ಬುರ್ಖಾದ ಮುಂಭಾಗದ ಗುಂಡಿ ತೆರೆದಿದ್ದೆ. ಹರಿದ ಹೊಲಿಗೆ ಕಾಣದಿರಲೆಂದು ಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಉತ್ತರ ಹೇಳಿದ್ದು ನನಗೆ ಮಾತ್ರ ಗೊತ್ತು.

ಅದೇ ವಾರ ದಾವಣಗೆರೆಯಿಂದ ಅಕ್ಕನ ಫೋನ್. ಶವ್ವಾಲ್‌ನಲ್ಲಿ ಅವಳ ಮಗನ ನಿಖಾಹ್. ಹೇಳುವುದನ್ನೆಲ್ಲ ಹೇಳಿ ಕೊನೆಗೆ, “ಈ ಸಲವೂ ನಿನಗೆ ಪರೀಕ್ಷೆ ಡ್ಯೂಟಿ ಇದೆಯಾ?” ಎಂದಳು. ಅದಕ್ಕೂ ಹಿಂದಿನ ಎರಡು ಮದುವೆಗಳನ್ನು ನಾನು ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ನಮ್ಮ ಮದುವೆಗಳಲ್ಲಿ ಹೆಂಗಸರ ಹಾಲ್‌ಗೆ ಕಾಲಿಟ್ಟ ಕೂಡಲೇ ಎಲ್ಲರೂ ಬುರ್ಖಾ ಕಳಚುತ್ತಾರೆ. ನನಗೆ ಕಳಚಲು ಭಯ. ಬೀರುವಿನಲ್ಲಿದ್ದ ಒಳ್ಳೆಯ ಬಟ್ಟೆಗಳೆಲ್ಲ ಮೂರನೆಯ ಹೆರಿಗೆಗೆ ಮೊದಲಿನವು. ಆಮೇಲೆ ಸಿಸೇರಿಯನ್ ಆಯಿತು, ಥೈರಾಯ್ಡ್ ಮಾತ್ರೆ ಶುರುವಾಯಿತು, ನಲವತ್ತು ದಾಟಿತು. ತೂಕ ಇಳಿಸಿಯೇ ಬಟ್ಟೆ ಕೊಳ್ಳುತ್ತೇನೆಂದು ಶಪಥ ಮಾಡಿ ಹನ್ನೊಂದು ವರ್ಷ ಕಳೆದಿದ್ದವು.

ಹೀಗಾಗಿ ಒಂದು ಶುಕ್ರವಾರ ತುಮಕೂರಿನಿಂದ ಬೆಂಗಳೂರಿನ ಬಸ್ಸು ಹತ್ತಿದೆ. ಶುಕ್ರವಾರವೇ ಏಕೆಂದರೆ, ಮದ್ರಸಕ್ಕೆ ಅಂದು ರಜೆ, ಮಕ್ಕಳಿಗೆ ಶಾಲೆ. ವಾರದಲ್ಲಿ ನನ್ನ ಕೈ ಖಾಲಿ ಇರುವುದು ಆ ಏಳು ಗಂಟೆ ಮಾತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣವಿಲ್ಲ. ನನ್ನಂಥವರ ಸ್ವಂತದ ಕೆಲಸಕ್ಕೆ ಆ ಉಳಿತಾಯ ಸಣ್ಣದಲ್ಲ. ಅಷ್ಟು ಖರ್ಚೂ ಇದ್ದಿದ್ದರೆ ‘ನನಗೇನು ಬೇಕು’ ಎಂದು ಮನೆಯಲ್ಲೇ ಉಳಿದುಬಿಡುತ್ತಿದ್ದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಶಿವಾಜಿನಗರದ ಸಿಟಿ ಬಸ್ಸು ಹಿಡಿದೆ. ಮೆಟ್ರೊದಲ್ಲಿ ಬರುವವರು ಎಂ.ಜಿ. ರಸ್ತೆಯಲ್ಲಿ ಇಳಿದು ನಡೆದು ಬರಬಹುದು.

ಶಿವಾಜಿನಗರ ನೋಡದವರಿಗೆ ಎರಡು ಮಾತು. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಸ್ಥಾಪಿಸಿದರು. ಆ ದಂಡಿನ ಸುತ್ತ ಬೆಳೆದ ಪೇಟೆ ಇದು. ಬಸ್ ನಿಲ್ದಾಣದಿಂದ ಹೊರಬಂದರೆ ಸಂತ ಮೇರಿಯ ಬೆಸಿಲಿಕಾದ ಎತ್ತರದ ಗೋಪುರ, ಪಕ್ಕದಲ್ಲೇ 1927ರ ರಸೆಲ್ ಮಾರ್ಕೆಟ್. 2012ರಲ್ಲಿ ಬೆಂಕಿಗೆ ಸಿಕ್ಕಿ ಒಳಗೆ ಎಷ್ಟೋ ಮಳಿಗೆಗಳು ಸುಟ್ಟರೂ ಮಾರ್ಕೆಟ್ ಮತ್ತೆ ಎದ್ದು ನಿಂತಿತು. ಹಣ್ಣು, ಹೂವು, ಖರ್ಜೂರ, ಮಾಂಸ, ಕೋಳಿ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಒಂದೇ ಗಲ್ಲಿಯಲ್ಲಿ ದಖನಿ, ತಮಿಳು, ಕನ್ನಡ ಮೂರೂ ಕೇಳುತ್ತವೆ. ಇದೇ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರಿನ ಗೋಷಾ ಆಸ್ಪತ್ರೆಯೂ ಇದೆ. ಗೋಷಾ ಎಂದರೆ ಪರದೆ. ಪರದೆಯ ಹೆಂಗಸರು ಹೆರಿಗೆಗೆಂದು ಸಂಕೋಚವಿಲ್ಲದೆ ಬರಲಿ ಎಂದು ಕಟ್ಟಿದ ಆಸ್ಪತ್ರೆಗೆ ಈಗ ಎಲ್ಲ ಸಮುದಾಯದ ತಾಯಂದಿರೂ ಬರುತ್ತಾರೆ.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಕಮರ್ಷಿಯಲ್ ಸ್ಟ್ರೀಟ್. ಬೀದಿಗೆ ಈಗ ಕಲ್ಲು ಹಾಸಿದ್ದಾರೆ. ಎರಡೂ ಬದಿ ಗಾಜಿನ ಅಂಗಡಿಗಳು, ಒಳಗೆ ಗೊಂಬೆಗಳು. ಆ ಗೊಂಬೆಗಳಿಗೆ ಹೊಟ್ಟೆಯೇ ಇಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಅವುಗಳ ಬಟ್ಟೆಯನ್ನು ಬೆನ್ನ ಹಿಂದೆ ಪಿನ್ನು ಹಾಕಿ ಬಿಗಿ ಮಾಡಿರುತ್ತಾರೆ. ನಮ್ಮ ಬೆನ್ನಿಗೆ ಪಿನ್ನು ಹಾಕುವವರಾರು?

ಮೊದಲು ಹೊಕ್ಕಿದ್ದು ದೊಡ್ಡದೊಂದು ರೆಡಿಮೇಡ್ ಅಂಗಡಿ. ಹೆಸರು ಬೇಡ. ಅಲ್ಲಿದ್ದ ಹುಡುಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮಹಡಿಯ ಮೇಲಿದ್ದವನಿಗೆ ಕೇಳುವಂತೆ, “ಆಂಟಿಗೆ ತ್ರಿಬಲ್ ಎಕ್ಸ್ ಎಲ್ ಇದ್ರೆ ಇಳಿಸೋ!” ಎಂದು ಕೂಗಿದ. ಇಳಿದದ್ದು ಒಂದೇ ಒಂದು ಕುರ್ತಿ, ಬೂದಿ ಬಣ್ಣದ್ದು. ಉಳಿದ ಬಣ್ಣಗಳೆಲ್ಲ ತೆಳ್ಳಗಿನವರಿಗೆ ಮೀಸಲೋ ಏನೋ! ಟ್ರಯಲ್ ರೂಮಿನಲ್ಲಿ ಹಾಕಿಕೊಂಡು ನೋಡಿದರೆ ಎದೆಗೆ ಸರಿ, ಹೊಟ್ಟೆಗೆ ಬಿಗಿ, ಹೆಗಲು ಮಾತ್ರ ತೋಳಿನ ಅರ್ಧಕ್ಕೆ ಜಾರಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಏಕೆಂದರೆ ನನಗೂ ಇದು ತಿಳಿಯದೆ ಬಹಳ ವರ್ಷ ನನ್ನನ್ನೇ ಬೈದುಕೊಂಡಿದ್ದೆ. ಕುರ್ತಿಗಳಲ್ಲಿ ಸಾಮಾನ್ಯವಾಗಿ ಎಂ ಎಂದರೆ ಎದೆ ಸುತ್ತಳತೆ 38 ಇಂಚು, ಎಲ್ ಎಂದರೆ 40, ಎಕ್ಸ್‌ಎಲ್ 42, ಹೀಗೆ ಎರಡೆರಡು ಇಂಚು ಏರುತ್ತದೆ. ಆದರೆ ಇದು ಎಲ್ಲ ಕಂಪನಿಗಳೂ ಪಾಲಿಸುವ ನಿಯಮವಲ್ಲ. ಒಬ್ಬರ ಎಕ್ಸ್‌ಎಲ್ ಇನ್ನೊಬ್ಬರ ಎಲ್. ಸೈಜ್ ಏರಿದಂತೆ ಹೆಗಲು, ತೋಳು, ಕುತ್ತಿಗೆ ಎಲ್ಲವೂ ಏರುತ್ತವೆ. ಹೆತ್ತ ಮೈ ಹಾಗೆ ಏರುವುದಿಲ್ಲ. ಹೆಗಲು ಇದ್ದಷ್ಟೇ ಇರುತ್ತದೆ, ಹೊಟ್ಟೆ ಸೊಂಟ ಮಾತ್ರ ಹಿಗ್ಗುತ್ತವೆ. ಅಬಾಯದ ಕಥೆ ಇನ್ನೊಂದು. ಅದರ ಮೇಲಿನ 52, 54, 56, 58 ಎಂಬ ಸಂಖ್ಯೆ ಉದ್ದದ ಇಂಚು. ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ಕುಳ್ಳಗಿನ ದಪ್ಪ ಹೆಂಗಸು ಅಗಲಕ್ಕೆಂದು 58 ಕೊಂಡು, ನೆಲ ಗುಡಿಸುತ್ತ, ಮೆಟ್ಟಿಲಲ್ಲಿ ಎಡವುತ್ತ ನಡೆಯುವುದನ್ನು ಎಷ್ಟು ಮದುವೆಗಳಲ್ಲಿ ನೋಡಿಲ್ಲ ನಾವು! ಎದೆ ಮತ್ತು ಸೊಂಟದ ಅಗಲವನ್ನು ಬೇರೆಯಾಗಿ ಕೇಳಿ, ಟೇಪು ಹಿಡಿಸಿ ನೋಡಿ.

ಬೂದಿ ಕುರ್ತಿ ಅಲ್ಲೇ ಬಿಟ್ಟು ಹೊರಬಂದಾಗ ಹನ್ನೊಂದೂವರೆ. ವಾಪಸ್ ಹೋಗಿಬಿಡೋಣ ಎನ್ನಿಸಿತ್ತು. ಆದರೆ ಕಮರ್ಷಿಯಲ್ ಸ್ಟ್ರೀಟಿನ ನಿಜವಾದ ಉಪಕಾರ ಇರುವುದು ಅದರ ಅಡ್ಡಗಲ್ಲಿಗಳಲ್ಲಿ. ಮೀಟರ್ ಲೆಕ್ಕದ ಬಟ್ಟೆ, ಲೇಸು, ಗುಂಡಿ, ಅಸ್ತರಿನ ಬಟ್ಟೆ, ಮ್ಯಾಚಿಂಗ್ ಸೆಂಟರ್, ಅಂಗೈಯಗಲದ ಜಾಗದಲ್ಲಿ ಎರಡು ಮೆಷಿನ್ ಇಟ್ಟುಕೊಂಡ ದರ್ಜಿಗಳು. ಅಂಥ ಒಂದು ಅಂಗಡಿಯಲ್ಲಿ ಹಿರಿಯ ದರ್ಜಿಯೊಬ್ಬರು ಕತ್ತರಿ ಆಡಿಸುತ್ತಿದ್ದರು, ಒಳಗೆ ಪರದೆಯ ಹಿಂದೆ ಅವರ ಹೆಂಡತಿ ಕೂತು ಕಾಜಾ ಹೊಲಿಯುತ್ತಿದ್ದರು. ಹೆಂಗಸೊಬ್ಬರು ಕಂಡಿದ್ದೇ ನನಗೆ ಧೈರ್ಯ.

ಚೀಲದಿಂದ ಅಳತೆ ಬಟ್ಟೆ ತೆಗೆದು ಕೊಟ್ಟೆ. ನನ್ನ ಹಳೆಯ ಪಿಸ್ತಾ ಬಣ್ಣದ ಕಮೀಝ್. ಚಾಚಾ ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: “ಇದು ಯಾರಿಗೆ ಬಾಜಿ, ಮಗಳಿಗಾ?”

“ನನಗೇ, ಚಾಚಾ.”

ಅವರು ನಗಲಿಲ್ಲ. ಬಟ್ಟೆಯನ್ನು ಮಡಚಿ ಹಿಂದಕ್ಕೆ ಕೊಟ್ಟು, “ಇದರಲ್ಲಿ ಅಳತೆ ಇಲ್ಲ. ಒಳಗೆ ಹೋಗಿ” ಎಂದರು.

ಪರದೆಯ ಹಿಂದೆ ಚಾಚಿ ಟೇಪು ಹಿಡಿದರು. ನಾನು ಅಭ್ಯಾಸದಂತೆ ಉಸಿರು ಎಳೆದು ಹೊಟ್ಟೆ ಒಳಗೆ ಮಾಡಿದೆ. ಚಾಚಿ ಟೇಪು ಇಳಿಸಿ ಸುಮ್ಮನೆ ನಿಂತರು. “ಎಷ್ಟು ಹೊತ್ತು ಹಿಡಿಯುತ್ತೀರಿ? ಉಸಿರು ಬಿಡಿ, ಆಮೇಲೆ ಅಳೆಯುತ್ತೇನೆ” ಎಂದರು. ಬಿಟ್ಟೆ. ಆಗ ಅವರು ಅಳೆದು ಹೊರಗಿದ್ದ ಗಂಡನಿಗೆ ಗಟ್ಟಿಯಾಗಿ ಕೂಗಿದರು: “ಎದೆ 43! ಹೊಟ್ಟೆ 42! ಸೀಟು 46! ಹೆಗಲು ಹದಿನಾಲ್ಕೂವರೆ!” ನಾನು ಹನ್ನೊಂದು ವರ್ಷ ಮುಚ್ಚಿಟ್ಟ ಗುಟ್ಟು ಗಲ್ಲಿಗೆಲ್ಲ ಕೇಳಿತು. ಮುಖ ಬಿಸಿಯಾಯಿತು. ಹೊರಗೆ ಯಾರೂ ತಿರುಗಿ ನೋಡಲಿಲ್ಲ. ಲೇಸಿನ ಅಂಗಡಿಯವನು ತನ್ನ ಚೌಕಾಸಿಯಲ್ಲಿದ್ದ. ಚಾಚಾ ಆ ಸಂಖ್ಯೆಗಳನ್ನು ಗುಲಾಬಿ ಚೀಟಿಯ ಮೇಲೆ ಈರುಳ್ಳಿ ಬೆಲೆ ಬರೆದಂತೆ ಬರೆದುಕೊಂಡರು.

ಚಾಚಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಸಿಸೇರಿಯನ್ ಆದವರಿಗೆ ಲಾಡಿ ಸರಿಯಾಗಿ ಗಾಯದ ಗೆರೆಯ ಮೇಲೇ ಕೂರುತ್ತದೆ, ಸಂಜೆಯ ಹೊತ್ತಿಗೆ ನವೆ. ನಾನಿದನ್ನು ಯಾರಿಗೂ ಹೇಳಿರಲಿಲ್ಲ, ಅವರೇ ಕೇಳಿದರು. ಪ್ಯಾಂಟನ್ನು ಎರಡಿಂಚು ಮೇಲಕ್ಕೆ ಎತ್ತಿ, ಅಗಲವಾದ ಎಲಾಸ್ಟಿಕ್ ಹಾಕಿಸಿದರೆ ಆಯಿತು. ಕಮೀಝ್‌ನ ಪಕ್ಕದ ಕಟ್ ಹೊಟ್ಟೆಯ ದಪ್ಪ ಭಾಗದಲ್ಲೇ ಶುರುವಾದರೆ ಬಾಯಿ ಬಿಡುತ್ತದೆ, ಅದು ಮುಗಿದ ಮೇಲೆ ಕೆಳಗಿನಿಂದ ಶುರುವಾಗಬೇಕು. ಹೆಗಲು ಹೆಗಲಿನ ಮೇಲೇ ಕೂತರೆ ಕೆಳಗೆ ಎಷ್ಟು ಸಡಿಲವಿದ್ದರೂ ಜೋಲು ಬಿದ್ದಂತೆ ಕಾಣುವುದಿಲ್ಲ. ಮೈ ಅಂಟದೆ, ಡೇರೆಯಂತೆಯೂ ಕಾಣದೆ ಇರಬೇಕಾದರೆ ಕಲಿ ಇಡಿಸಿ. ನಮ್ಮ ದಾದಿ, ನಾನಿಯರ ಕುರ್ತಾಗಳಲ್ಲಿ ಪಕ್ಕಕ್ಕೆ ಜೋಡಿಸುತ್ತಿದ್ದ ತ್ರಿಕೋನದ ಪಟ್ಟಿಯೇ ಕಲಿ. ಅವರು ಏಳೆಂಟು ಹೆತ್ತು, ಅದೇ ಕುರ್ತಾದಲ್ಲಿ ಕೂತು ಎದ್ದು ರುಬ್ಬಿ ಬದುಕಿದವರಲ್ಲವೇ? ಹಾಲೂಡಿಸುವ ತಾಯಂದಿರು ಮುಂಭಾಗದ ಹೊಲಿಗೆಯಲ್ಲಿ ಕಾಣದಂತೆ ಎರಡು ಜಿಪ್ ಹಾಕಿಸಿಕೊಂಡರೆ ಸಾಕು.

ಬಟ್ಟೆ ನಾನೇ ತರಬೇಕಿತ್ತು. ಪ್ಯಾಕ್ ಮಾಡಿದ ಡ್ರೆಸ್ ಪೀಸ್‌ನಲ್ಲಿ ಟಾಪ್‌ಗೆ ಸಾಮಾನ್ಯವಾಗಿ ಎರಡೋ ಎರಡೂವರೆಯೋ ಮೀಟರ್ ಇರುತ್ತದೆ. ಕಲಿ ಇಡಲು, ಉದ್ದ ತೋಳಿಗೆ ಅದು ಸಾಲದು. 44 ಇಂಚಿನ ಪನ್ನದ ಬಟ್ಟೆಯಾದರೆ ಮೂರು ಮೀಟರ್ ತನ್ನಿ ಎಂದರು. ಎದುರಿನ ಅಂಗಡಿಯಲ್ಲಿ ನನ್ನ ಕೈ ಅಭ್ಯಾಸಬಲದಿಂದ ಕಪ್ಪು, ಕಂದು ಬಣ್ಣಗಳ ಕಡೆ ಹೋಯಿತು. ಬಟ್ಟೆ ಮುಟ್ಟಿ ನೋಡಿದೆ. ಬಿಳುಚಿಕೊಂಡು ಮೈಗೆ ಅಂಟುವ ತೆಳು ಜಾರ್ಜೆಟ್ ಬೇಡ, ಗರಿಗರಿಯಾಗಿ ಉಬ್ಬುವ ಆರ್ಗಂಜಾ ಬೇಡ. ನೀರಿನಂತೆ ಇಳಿಬೀಳುವ ರೇಯಾನ್ ಒಂದು, ಮದುವೆಗೆಂದು ಕ್ರೇಪ್ ಒಂದು. ಕ್ರೇಪ್ ಯಾವ ಬಣ್ಣ ಗೊತ್ತೇ? ನೇರಳೆ. ಹಣ್ಣಾದ ನೇರಳೆ. ಕೊಳ್ಳುವಾಗ ಒಮ್ಮೆ ಎದೆ ಹೊಡೆದುಕೊಂಡಿತು, ಈ ವಯಸ್ಸಿನಲ್ಲಿ ಇದು ಗರ್ವವಾದೀತೇ ಎಂದು. ತನ್ನ ಬಟ್ಟೆ, ಚಪ್ಪಲಿ ಚೆನ್ನಾಗಿರಲಿ ಎಂದು ಬಯಸುವುದು ಗರ್ವವೇ ಎಂದು ಪ್ರವಾದಿ(ಸ)ರ ಬಳಿ ಕೇಳಿದವರಿಗೆ ಸಿಕ್ಕ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿದೆ. ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಗರ್ವ, ಅಲ್ಲಾಹನಿಗೆ ಸೌಂದರ್ಯ ಇಷ್ಟ ಎಂಬ ಅರ್ಥದ್ದು. ಆ ಹದೀಸನ್ನು ನಾನು ಎಷ್ಟು ಸಲ ಪಾಠ ಮಾಡಿದ್ದೆನೋ! ದುಡ್ಡು ಎಣಿಸಿ ಕೊಟ್ಟೆ.

ಅಷ್ಟರಲ್ಲಿ ಜುಮಾ ಬಾಂಗ್. ಗಲ್ಲಿಯ ಷಟರ್‌ಗಳು ಅರ್ಧಕ್ಕೆ ಇಳಿದವು, ಟೋಪಿಗಳು ಹೊರಬಂದವು, ಇದ್ದಕ್ಕಿದ್ದಂತೆ ಬೀದಿ ಮೌನ. ನೀವು ಶುಕ್ರವಾರ ಹೋಗುವುದಾದರೆ ಹನ್ನೆರಡೂವರೆಯಿಂದ ಎರಡು ಗಂಟೆಯವರೆಗಿನ ಈ ಹೊತ್ತನ್ನು ಲೆಕ್ಕಕ್ಕೆ ಹಿಡಿದೇ ಹೋಗಿ. ಪೇಟೆಗೆ ಬಂದ ಹೆಂಗಸಿಗೆ ನಮಾಝ್‌ಗೆ ಜಾಗ ಸಿಗುವುದು ಈಗಲೂ ಕಷ್ಟ. ಲಕ್ಷಾಂತರ ಖರ್ಚಿನಲ್ಲಿ ಮಸೀದಿಗೆ ಮಾರ್ಬಲ್ ಹಾಸುವ ನಮ್ಮ ಹಿರಿಯರು ಒಂದು ಕೋಣೆ, ಒಂದು ನಲ್ಲಿಯ ಬಗ್ಗೆ ಯೋಚಿಸಿದ್ದರೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಚಾಚಿ ಕತ್ತರಿಸುವ ಮೇಜಿನ ಹಿಂದೆ ಬಟ್ಟೆಯ ಚೂರುಗಳನ್ನು ಗುಡಿಸಿ, ಒಗೆದ ದುಪ್ಪಟ್ಟಾ ಹಾಸಿಕೊಟ್ಟರು. ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಝುಹರ್ ಮಾಡಿದೆವು. ಸಜ್ದಾದಿಂದ ಎದ್ದಾಗ ಹಣೆಗೊಂದು ಕೆಂಪು ನೂಲು ಅಂಟಿತ್ತು.

ಎರಡು ವಾರ ಬಿಟ್ಟು ಬರಲು ಹೇಳಿದರು. ರಮಝಾನ್ ಶುರುವಾದ ಮೇಲೆ ಕೊಟ್ಟಿದ್ದರೆ ಈದ್‌ಗೂ ಸಿಗುತ್ತಿರಲಿಲ್ಲ. ರಮಝಾನ್ ಅರ್ಧವಾಗುವ ಹೊತ್ತಿಗೆ ದರ್ಜಿಗಳು ಹೊಸ ಬಟ್ಟೆ ಹಿಡಿಯುವುದನ್ನೇ ನಿಲ್ಲಿಸುತ್ತಾರೆ. ನೀವೂ ಶಅಬಾನ್‌ನಲ್ಲೇ ಕೊಟ್ಟುಬಿಡಿ.

ಎರಡನೆಯ ಸಲ ಹೋದಾಗ ಪರದೆಯ ಹಿಂದೆ ನೇರಳೆ ಕಮೀಝ್ ತೊಟ್ಟು ನಿಂತೆ. ಅಲ್ಲಿದ್ದದ್ದು ಮೂಲೆ ಒಡೆದ ಚಿಕ್ಕ ಕನ್ನಡಿ. ತೆಳ್ಳಗೆ ಕಂಡೆನೇ? ಇಲ್ಲ. ಅದು ಯಾವ ದರ್ಜಿಯ ಕೈಯಲ್ಲೂ ಇಲ್ಲ. ಹೆಗಲು ಹೆಗಲಲ್ಲಿತ್ತು, ಕೈ ಎತ್ತಿದರೆ ಎಳೆಯಲಿಲ್ಲ, ಕೂತರೆ ಉಸಿರು ಕಟ್ಟಲಿಲ್ಲ. ಕನ್ನಡಿಯಲ್ಲಿ ನನ್ನ ವಯಸ್ಸಿನ, ನನ್ನ ಗಾತ್ರದ ಒಬ್ಬ ಹೆಂಗಸು ಚೆನ್ನಾಗಿ ಉಟ್ಟು ನಿಂತಿದ್ದಳು. ಕೇಳದೆಯೇ ಚಾಚಿ ಬಲಗಡೆ ಒಂದು ಜೇಬೂ ಇಟ್ಟಿದ್ದರು. ಅಂಚನ್ನು ತಿರುವಿ ಒಳಗಿನ ಹೊಲಿಗೆ ತೋರಿಸಿದರು: “ಎರಡೂ ಕಡೆ ಒಂದೊಂದು ಇಂಚು ಮಾರ್ಜಿನ್ ಬಿಟ್ಟಿದ್ದೇನೆ. ಮೈ ಬಂದರೆ ಬಿಚ್ಚೋಣ, ಇಳಿದರೆ ಹಿಡಿಯೋಣ. ಬಟ್ಟೆ ಎಸೆಯಬೇಡಿ ಬಾಜಿ.” ಮದುವೆಯ ಜೊತೆಗೆ ಅಸ್ತರು ಸೇರಿ ಹೊಲಿಗೆ 700 ರೂಪಾಯಿ ಕೊಟ್ಟೆ.

ಬಸ್ಸು ನೆಲಮಂಗಲ ದಾಟಿದಾಗ ತೊಡೆಯ ಮೇಲಿನ ಪೊಟ್ಟಣ ಹಿಡಿದುಕೊಂಡೇ ಅಕ್ಕನಿಗೆ ಫೋನ್ ಮಾಡಿದೆ.

“ನಿಖಾಹ್‌ಗೆ ಬರುತ್ತೀಯೋ ಇಲ್ಲವೋ, ಅದು ಹೇಳು ಮೊದಲು” ಎಂದಳು.

“ಹಿಂದಿನ ದಿನವೇ ಬರುತ್ತೇನೆ, ಇನ್ಶಾ ಅಲ್ಲಾಹ್. ಆಪಾ, ನೀನು ಯಾವ ಬಣ್ಣ ಹಾಕುತ್ತಿದ್ದೀ?”