ಮಷಿನ್ ಕಳಿಸಬೇಡ, ತಮ್ಮಾ

ಚೌಡಾಪುರ



ನಿನ್ನೆ ಫೋನಿನಲ್ಲಿ ನೀನು, "ಅಕ್ಕಾ, ಕಟಿಂಗ್ ಮಷಿನ್ ಕಳಸ್ತೀನಿ, ಮನ್ಯಾಗೇ ಹೊಡದುಬಿಡು, ಆ ರಗಳೆ ಯಾಕ" ಅಂದಿ. ನಾನು ಹೂಂ ಅಂದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತವರೂರಿನಲ್ಲಿ ಆದದ್ದನ್ನು ನಿನಗೆ ಅರ್ಧವೇ ಹೇಳಿದ್ದೆ. ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಒಬ್ಬರು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದರು. ನನ್ನ ಮಗ, ನಿನ್ನ ಅಳಿಯ, ಮೆಟ್ಟಿಲು ಹತ್ತಿದ. "ಇವತ್ತ ಅಂಗಡಿ ಬಂದ್ ಅದ" ಅಂದರು. ದಾರಿಯಲ್ಲಿ ಅವನು ಕೇಳಿದ್ದು ಒಂದೇ ಮಾತು: "ಅಂಗಡಿ ತೆರದೇ ಇತ್ತಲ್ಲವ್ವಾ?" ನನ್ನ ಬಾಯಿಂದ ಉತ್ತರ ಬರಲಿಲ್ಲ. ಇಲ್ಲಿ ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗಿಬರುವ ಮಂದಿ ಇಳಿಯುತ್ತಾರೆ, ಹತ್ತುತ್ತಾರೆ. ಕುರ್ಚಿಯಲ್ಲಿ ಕೂತವನ ಓಣಿ ಯಾವುದೆಂದು ಕೇಳುವವರಿಲ್ಲ. ತವರೂರಿನಲ್ಲಿ ಎಲ್ಲರಿಗೂ ಎಲ್ಲರ ಓಣಿ ಗೊತ್ತು. ಆದರೆ ಅವತ್ತಿನಿಂದ ಅವನು ಇಲ್ಲಿನ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಿಲ್ಲ.

ನಿನಗೆ ನೆನಪಿದೆಯಾ, ಕಟ್ಟೆಯ ಮೇಲೆ ಕೂರಿಸಿ ನಾನು ನಿನ್ನ ಕೂದಲು ಕತ್ತರಿಸುತ್ತಿದ್ದುದು? ಅವ್ವನ ಹಳೇ ಸೀರೆ ತುಂಡು ಹೊದಿಸಿ, ಮೊಂಡ ಕತ್ತರಿಯಲ್ಲಿ. ಒಮ್ಮೆ ಕಿವಿಗೆ ತಾಗಿ ರಕ್ತ ಬಂತು. ಅದು ಅಕ್ಕನ ಅಕ್ಕರೆ ಅಂತ ನೀನು ತಿಳಿದಿದ್ದಿ. ಅಕ್ಕರೆ ಇತ್ತು, ಸುಳ್ಳಲ್ಲ. ಆದರೆ ಅಂಗಡಿಯಲ್ಲಿ ನಿನ್ನನ್ನು ಕೂರಿಸಿಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ನಿನಗೆ ಹೇಳಿರಲಿಲ್ಲ.

ಆಮೇಲೆ ಓದಿ ತಿಳಿದೆ, ಬಾಬಾಸಾಹೇಬ ಅಂಬೇಡ್ಕರರಿಗೂ ಹೀಗೇ. ಸಾತಾರಾದಲ್ಲಿ ಕ್ಷೌರಿಕರಿಗೆ ಬರವಿರಲಿಲ್ಲ, ಕೊಡಲು ಕಾಸೂ ಇತ್ತು. ಆದರೂ ತಮ್ಮಂದಿರ ಕೂದಲು ಕತ್ತರಿಸಿದ್ದು ಅವರ ದೊಡ್ಡಕ್ಕ. ಮಾಡಿ ಮಾಡಿ ಆಕೆಗೆ ಆ ಕೆಲಸದಲ್ಲಿ ಕೈ ಕುದುರಿತ್ತಂತೆ. ಆ ಅಕ್ಕನ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಅದೇ ತಮ್ಮ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ನಿಂತು, ಅಂಗಡಿ ಎಂದರೇನು ಎಂದು ಬಿಡಿಸಿ ಹೇಳಿದರು. ಬೇಡಿ ಬಂದವರಿಗೆಲ್ಲ ಸೇವೆ ಕೊಡಲು ತೆರೆದಿಟ್ಟ ಜಾಗವೇ ಅಂಗಡಿ; ಒಳಗೆ ಬಿಟ್ಟರಷ್ಟೇ ಸಾಲದು, ಕೆಲಸವನ್ನೂ ಮಾಡಿಕೊಡಬೇಕು. ನನ್ನ ಮಗ ಕೇಳಿದ ಪ್ರಶ್ನೆಗೆ ಉತ್ತರ ಅದೇ, ತಮ್ಮಾ.

ಹೆದರಿಕೆ ಇಲ್ಲ ಅಂತಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕಟಿಂಗ್ ಅಂಗಡಿಗೆ, ಹೋಟೆಲಿಗೆ ಯಾಕೆ ಬಿಡುವುದಿಲ್ಲ ಎಂದು ಕೇಳಿದ್ದಕ್ಕೆ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ. ಮರುತಿಂಗಳೇ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ, ಕಟಿಂಗ್ ವಿಷಯಕ್ಕೆ ಎದ್ದ ಜಗಳದಲ್ಲಿ ನಿನ್ನ ವಯಸ್ಸಿನ ಹುಡುಗನೊಬ್ಬ ಕತ್ತರಿ ಇರಿತಕ್ಕೆ ಸತ್ತ. ಆ ಸುದ್ದಿ ಓದಿದ ದಿನ ನಾನು ಒಲೆ ಹಚ್ಚಲಿಲ್ಲ.

ಆದರೂ ಆ ಅಂಗಡಿಯವರ ಮೇಲೆ ನನಗೆ ಬರೀ ಸಿಟ್ಟಿಲ್ಲ. ಊರಲ್ಲಿ ಅವರ ಕಸುಬಿನ ಹೆಸರೂ ಬೈಗುಳವೇ. ನಮ್ಮ ಕಡೆ ಅವರು ಹಡಪದ ಅಪ್ಪಣ್ಣನವರ ಕುಲದವರು. ಶರಣರ ಜೊತೆ ಕೂತವರ ಮನೆತನ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ದಲಿತರ ಕೂದಲು ಕತ್ತರಿಸಿದ್ದಕ್ಕೆ ತನಗೆ 50,000 ರೂಪಾಯಿ ದಂಡ ಹಾಕಿದರು, ಬಹಿಷ್ಕಾರ ಹಾಕಿದರು ಎಂದು ಒಬ್ಬ ಕ್ಷೌರಿಕರು ದೂರಿದ್ದರು. ಅಂಗಡಿಯವರ ಕೈ ಹಿಡಿದು ನಿಲ್ಲಿಸುವವರು ಬೇರೆ ಇರುತ್ತಾರೆ. ಅಸ್ಪೃಶ್ಯತೆ ತಡೆಯುವ 1955ರ ಕಾಯ್ದೆಯಲ್ಲಿ ಸೇವೆ ನಿರಾಕರಿಸಿದವರಿಗೆ ಆರು ತಿಂಗಳವರೆಗೆ ಜೈಲು ಎಂದಿದೆ. ಅಸ್ಪೃಶ್ಯತೆ ಆಚರಿಸುವುದಿಲ್ಲ ಎಂದವರನ್ನು ಜಾತಿಯಿಂದ ಹೊರಗಿಟ್ಟರೆ ಅದೂ ಅಪರಾಧ ಎಂದಿದೆ. ಇದನ್ನು ಯಾರಾದರೂ ಆ ಅಂಗಡಿಯವರ ಎದುರು ಕೂತು, ಸಮಾಧಾನದಿಂದ ಹೇಳಬೇಕು.

ಜವಳದ ದಿನ ನನ್ನ ಮಗ ನಿನ್ನ ತೊಡೆಯ ಮೇಲೆ ಕೂತಿದ್ದ. ಸೋದರಮಾವನೇ ಮೊದಲ ಕೂದಲು ಕತ್ತರಿಸಬೇಕೆಂದು ನೀನು ಕತ್ತರಿ ಹಿಡಿದಿದ್ದಿ. ದಸರೆಗೆ ಬಾ, ಮಷಿನ್ ತರಬೇಡ. ತವರೂರಿನ ಅದೇ ಅಂಗಡಿಗೆ ಮೂವರೂ ಹೋಗೋಣ, ಅವನ ಪಕ್ಕದಲ್ಲಿ ನೀನು ಕೂತುಕೋ. ಅವನ ಕೂದಲು ಈಗಲೇ ಕಿವಿ ಮುಚ್ಚಿದೆ. ನೀನು ಬರುವ ತನಕ ನಾನು ಕತ್ತರಿ ಮುಟ್ಟಿಸುವುದಿಲ್ಲ.

ನಿನ್ನ ಅಕ್ಕ