ಅಷ್ಟಮಿಯ ಸಂಜೆ, ವಾಶಿ ಖಾಡಿ

ವಾಶಿ ಖಾಡಿಯ ಫೋಟೊ ತೆಗೆಯುವವನ ಚೀಲದಲ್ಲಿ ಮೊದಲು ಪಂಚಾಂಗ ಇರಬೇಕು, ಕ್ಯಾಮೆರಾ ಆಮೇಲೆ, ಎನ್ನುತ್ತಿದ್ದರು ನನ್ನ ಸೋದರಮಾವ. ಮಾವ ಗಂಗೊಳ್ಳಿಯವರು. ಮುಂಬಯಿಯ ಫೋರ್ಟಿನಲ್ಲಿ ಗುಮಾಸ್ತಗಿರಿ, ವಾಸ ಡೊಂಬಿವಲಿ. ಊರಿನ ಕಡೆ ಉಬ್ಬರವಿಳಿತಕ್ಕೆ ಕಡಲ ನೀರು ಒಂದೂವರೆ ಎರಡು ಮೀಟರ್ ಏರಿಳಿದರೆ ಅದೇ ಹೆಚ್ಚು. ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಹೋದ ಹಾಗೆ ಆ ಏರಿಳಿತವೂ ಬೆಳೆಯುತ್ತದೆ. ಮುಂಬಯಿಯಲ್ಲಿ ನಾಲ್ಕು ಮೀಟರ್ ದಾಟುವುದುಂಟು. ನೀರು ಇಳಿದಾಗ ವಾಶಿಯ ಮುಂದಿನ ಠಾಣೆ ಖಾಡಿ, ಅಂದರೆ ಒಳನಾಡಿಗೆ ಚಾಚಿದ ಈ ಕಡಲ ತೋಳು, ಕಣ್ಣು ಹಾಯುವಷ್ಟು ದೂರ ಬರೀ ಕೆಸರು.

ಪಂಚಾಂಗ ಬೇಕಾಗುವುದು ಅದಕ್ಕೇ. ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ಉಬ್ಬರ ತುಂಬುವುದು ನಡುಹಗಲು ಮತ್ತು ನಡುರಾತ್ರಿಯ ಸುಮಾರಿಗೆ. ದಿನಕ್ಕೆ ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗಿ, ಅಷ್ಟಮಿಯ ವೇಳೆಗೆ ಸಂಜೆ ಆರರ ಆಸುಪಾಸಿಗೆ ಬಂದು ಕೂರುತ್ತದೆ. ಹುಣ್ಣಿಮೆಯ ಎತ್ತರ ಅದಕ್ಕಿಲ್ಲ ನಿಜ, ಆದರೆ ಸೂರ್ಯ ಮುಳುಗುವಾಗ ದಡದ ತನಕ ನೀರಿರುತ್ತದೆ. “ಹುಣ್ಮಿ ಸಂಜಿಗ್ ಹ್ವಾರೆ ಕೆಸ್ರೇ ಸಿಕ್ಕುದ್ ಮಾರಾಯ, ಅಷ್ಟಮಿಗ್ ಹ್ವಾಪ” ಎಂದರು ಮಾವ.

ಹಾಗೆ ಹೊರಟದ್ದು 1996ರ ಚಳಿಗಾಲದ ಒಂದು ಭಾನುವಾರ. ಠಾಣೆಯಿಂದ ವಾಶಿಗೆ ನೇರ ರೈಲು ಆಗ ಎಲ್ಲಿತ್ತು? ಅದು ಬಂದದ್ದು 2004ರಲ್ಲಿ. ಡೊಂಬಿವಲಿಯಿಂದ ಕುರ್ಲಾ, ಅಲ್ಲಿ ಹಾರ್ಬರ್ ಗಾಡಿ ಹಿಡಿದು ಮಾನ್‌ಖುರ್ದ್ ದಾಟಿ ಖಾಡಿಯ ಮೇಲೆ ವಾಶಿ. ಟ್ರೈಪಾಡು ನನ್ನ ಹೆಗಲ ಮೇಲೆ, ಮಿಕ್ಕಿದ್ದೆಲ್ಲ ಮಾವನ ಚೀಲದಲ್ಲಿ.

ಕ್ಯಾಮೆರಾದಲ್ಲಿ ಇದ್ದದ್ದು ಫ್ಯೂಜಿಯ ವೆಲ್ವಿಯಾ, ಐಎಸ್ಒ 50ರ ಸ್ಲೈಡ್ ಫಿಲ್ಮ್. ಬಣ್ಣದಲ್ಲಿ ಧಾರಾಳಿ, ಬೆಳಕಿನ ವಿಷಯದಲ್ಲಿ ಮಹಾ ಜಿಪುಣ. ಅತಿ ಬೆಳಕು ಅತಿ ಕತ್ತಲೆ ಎರಡನ್ನೂ ಒಟ್ಟಿಗೆ ಹಿಡಿಯಲು ಅದಕ್ಕೆ ಆಗದು. ಆಕಾಶಕ್ಕೆ ಅಳೆದರೆ ದಡ ಮಸಿಯಾಗುತ್ತದೆ, ದಡಕ್ಕೆ ಅಳೆದರೆ ಆಕಾಶ ಬಿಳಿಚಿ ಹೋಗುತ್ತದೆ. ಅದಕ್ಕೊಂದು ಚೌಕದ ಫಿಲ್ಟರ್ ಇತ್ತು. ಮೇಲರ್ಧ ಬೂದು, ಕೆಳಗರ್ಧ ಬರೀ ಗಾಜಿನಂತೆ. ಗ್ರ್ಯಾಡ್ ಅನ್ನುತ್ತಿದ್ದೆವು. ಬೂದು ಭಾಗವನ್ನು ದಿಗಂತದ ಗೆರೆಗೆ ಸರಿಯಾಗಿ ಇಳಿಸಿದರೆ ಆಕಾಶದ ಬೆಳಕು ಮಾತ್ರ ಎರಡು ಸ್ಟಾಪ್, ಅಂದರೆ ಎರಡು ಸಲ ಅರ್ಧಕ್ಕರ್ಧ, ಕೆಳಗೆ ಬರುತ್ತದೆ. ಪೋಲರೈಸರ್ ಎಂಬ ಇನ್ನೊಂದು ಫಿಲ್ಟರನ್ನು ಮಾವ ಚೀಲದಿಂದ ತೆಗೆಯಲೇ ಇಲ್ಲ. ಅದು ಆಕಾಶವನ್ನು ನೀಲಿ ಮಾಡುವುದು ಸೂರ್ಯ ಪಕ್ಕದಲ್ಲಿದ್ದಾಗ. ಎದುರಿಗಿದ್ದರೆ ಸುಮ್ಮನೆ ಬೆಳಕು ತಿನ್ನುತ್ತದೆ.

ವಾಶಿ ಗಾವಿನ ಕೋಳಿವಾಡಕ್ಕೆ, ಅಂದರೆ ಮೀನುಗಾರರ ಕೇರಿಗೆ, ಬಂದಾಗ ನೀರು ಮೆಟ್ಟಿಲು ಮುಟ್ಟಿತ್ತು. ಕಟ್ಟಿಹಾಕಿದ ದೋಣಿ, ಆಚೆಗೆ ಸೇತುವೆ, ಮುಂಬಯಿಯ ಕಡೆ ಇಳಿಯುತ್ತಿದ್ದ ಸೂರ್ಯ. ದೋಣಿಯ ಬದಿಗೆ ಒಬ್ಬ ಮುದುಕಿ ನಿಂತು ಬುಟ್ಟಿಗೆ ಮೀನು ಸುರಿಯುತ್ತಿದ್ದಳು. ಮಾವನಿಗೆ ಬೇಕಾದದ್ದು ಅದೇ: ಕೆಂಪು ಆಕಾಶಕ್ಕೆ ಅಡ್ಡಲಾಗಿ ಕಪ್ಪನೆಯ ಒಂದು ಆಕೃತಿ. ಕ್ಯಾಲೆಂಡರಿನಲ್ಲಿ ಬರುತ್ತದಲ್ಲ, ಹಾಗೆ.

ಆಕೆ ತಿರುಗಿ ನೋಡಿದಳು. ಮರಾಠಿಯಲ್ಲಿ ಕೇಳಿದಳು: “ಮತ್ತೆ ಕಪ್ಪು ಫೋಟೊವಾ?”

ಹಿಂದೆ ಯಾರೋ ಒಬ್ಬ ಬಂದು ತೆಗೆದಿದ್ದನಂತೆ. ಪಾಪ, ಪ್ರಿಂಟು ತಂದೂ ಕೊಟ್ಟನಂತೆ. “ಇದು ಯಾರು ಅಂತ ನನ್ನ ಮಗನೇ ಕೇಳಿದ. ಸೂರ್ಯ ಮಾತ್ರ ಚೆನ್ನಾಗಿ ಬಂದಿದ್ದ. ಸೂರ್ಯ ದಿನಾ ಬರ್ತಾನೆ, ಅವನ ಫೋಟೊ ನನಗ್ಯಾಕೆ?”

ಮಾವ ಜೋರಾಗಿ ನಕ್ಕುಬಿಟ್ಟರು. “ಮಾವ್ಶಿ, ಕೂತ್ಕೊಳ್ಳಿ. ಮುಖ ಕಾಣೋ ಹಾಗೆ ತೆಗೀತೀನಿ” ಎಂದು ಚೀಲದಿಂದ ಫ್ಲ್ಯಾಶ್ ತೆಗೆದರು.

ಕೂರಿಸಿದ್ದು ಮರ್ಯಾದೆಗೆ ಮಾತ್ರ ಅಲ್ಲ. ಆಕೆ ನಿಂತರೆ ತಲೆ ದಿಗಂತದ ಮೇಲೆ ಹೋಗುತ್ತದೆ. ಆಕಾಶಕ್ಕೆಂದು ಹಾಕಿದ ಬೂದು ಅವಳ ಮುಖದ ಮೇಲೂ ಬೀಳುತ್ತದೆ. ದಿಗಂತ ಯಾವಾಗಲೂ ಕ್ಯಾಮೆರಾ ಇದ್ದ ಎತ್ತರಕ್ಕೇ ಬರುವುದು. ಹಾಗಾಗಿ ಆಕೆ ದೋಣಿಯ ಹಲಗೆಯ ಮೇಲೆ ಕೂತಳು, ನಾವು ಟ್ರೈಪಾಡನ್ನು ಮೇಲಿನ ಮೆಟ್ಟಿಲಿಗೆ ಏರಿಸಿದೆವು. ಈಗ ನೆತ್ತಿಯ ಮೇಲೆ ಒಂದಿಷ್ಟು ನೀರು, ಅದರ ಮೇಲೆ ದಿಗಂತ, ಅಲ್ಲಿಂದ ಫಿಲ್ಟರಿನ ಬೂದು.

ಆಮೇಲೆ ಫ್ಲ್ಯಾಶಿನ ಲೆಕ್ಕ. ಪೂರ್ತಿ ಬೆಳಕು ಬಿಟ್ಟರೆ ಮದುವೆ ಆಲ್ಬಮ್ಮಿನ ಹಾಗೆ ಮುಖ ಬೆಳ್ಳಗೆ ಎದ್ದು ನಿಂತು, ಹಿಂದಿನ ಖಾಡಿ ಸ್ಟುಡಿಯೊದ ಪರದೆಯಾಗುತ್ತದೆ. ಅದಕ್ಕೆ ಮಾವ ಫ್ಲ್ಯಾಶಿಗೆ ಸುಳ್ಳು ಹೇಳಿದರು. ಲೆನ್ಸಿನ ಕಂಡಿ ಇದ್ದದ್ದು ಎಫ್/8ರಲ್ಲಿ, ಫ್ಲ್ಯಾಶಿನ ಆಟೊ ಗುಂಡಿ ತಿರುಗಿಸಿದ್ದು ಎಫ್/5.6ಕ್ಕೆ. ಕಂಡಿ ಇನ್ನೂ ದೊಡ್ಡದಿದೆ, ಅಷ್ಟೇ ಸಾಕು ಎಂದುಕೊಂಡು ಫ್ಲ್ಯಾಶ್ ಒಂದು ಸ್ಟಾಪ್ ಕಡಿಮೆ ಬೆಳಕು ಬಿಡುತ್ತದೆ. ಫ್ಲ್ಯಾಶಿನ ಬೆಳಕು ನಡುಹಗಲಿನಂತೆ ಬಿಳಿ, ಸಂಜೆಯದು ಹಳದಿ. ಸ್ವೀಟ್ ಬಾಕ್ಸಿನ ಹಳದಿ ಜಿಲೆಟಿನ್ ಕಾಗದದ ಒಂದು ತುಂಡನ್ನು ಅದರ ಮೂತಿಗೆ ಸುತ್ತಿದರು. ಶಟರ್ ಸೆಕೆಂಡಿನ ಹದಿನೈದನೇ ಒಂದು ಭಾಗ. ಆ ನಿಧಾನದಲ್ಲಿ ನೀರೂ ಆಕಾಶವೂ ತಮ್ಮ ಬೆಳಕನ್ನು ತಾವೇ ತುಂಬಿಕೊಳ್ಳುತ್ತವೆ, ಫ್ಲ್ಯಾಶ್ ತುಂಬುವುದು ಮುಖದ ನೆರಳನ್ನಷ್ಟೇ.

ನಾವು ಇಷ್ಟು ಮಾಡುವಷ್ಟರಲ್ಲಿ ಆಕೆ ಎರಡನೇ ಬುಟ್ಟಿಯಲ್ಲಿ ಬೋಯಿ ಮೀನು ಬೇರೆ, ಏಡಿ ಬೇರೆ ಮಾಡಿ ಮುಗಿಸಿದ್ದಳು. ಮೊದಲು ಇಷ್ಟು ಹೊತ್ತಿಗೆ ನಾಲ್ಕು ಬುಟ್ಟಿ ತುಂಬುತ್ತಿತ್ತು, ಕಾರ್ಖಾನೆಗಳು ಬಂದ ಮೇಲೆ ನೀರು ಕೆಟ್ಟಿತು ಎಂದಳು. ಮಾವ ಕ್ಲಿಕ್ ಮಾಡಿದ್ದು ಆ ಮಾತಿನ ನಡುವೆಯೇ. ನಗುವ ಮುಖವಲ್ಲ, ಲೆಕ್ಕ ಹಾಕುತ್ತಿದ್ದ ಮುಖ.

ಐರೋಲಿ ಮತ್ತು ವಾಶಿ ಸೇತುವೆಗಳ ನಡುವೆ ಖಾಡಿಯ ಪಶ್ಚಿಮ ದಂಡೆ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಉದ್ದುದ್ದ ಲೆನ್ಸ್ ಹಿಡಿದವರು ಈಗ ಗುಂಪುಗುಂಪಾಗಿ ಬರುತ್ತಾರೆ. ಒಳ್ಳೆಯದೇ. ಆದರೆ ಖಾಡಿಯ ಫೋಟೊ ಎಂದರೆ ಹಕ್ಕಿ ಮತ್ತು ಆಕಾಶ ಎಂದು ಯಾರಾದರೂ ಹೇಳಿದಾಗ ನನಗೆ ಆ ಮುದುಕಿಯ ಪ್ರಶ್ನೆ ನೆನಪಾಗುತ್ತದೆ. ಆಕಾಶ ಕೆಡದಂತೆ ಕಾಯಲು ನಮ್ಮಲ್ಲಿ ಫಿಲ್ಟರ್ ಇತ್ತು. ಅದರ ಕೆಳಗೆ ದುಡಿಯುವವರ ಮುಖಕ್ಕೆ ಬೆಳಕು ಕೊಡಲು ಫ್ಲ್ಯಾಶೂ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಬೇಕು ಎಂದು ಅವಳು ಹೇಳಬೇಕಾಯಿತು.

ಸ್ಲೈಡಿನಿಂದ ಪ್ರಿಂಟ್ ಹಾಕಿಸುವುದು ಆಗ ಜೇಬಿಗೆ ಭಾರ. ಆದರೂ ಮಾವ ದೊಡ್ಡದೇ ಹಾಕಿಸಿ ತಂದರು. ಆಕೆ ಅದನ್ನು ನೋಡುವ ಮೊದಲೇ ಬಲೆ ಹೆಣೆಯುತ್ತ ಕೂತಿದ್ದ ಮಗನ ಮುಂದೆ ಹಿಡಿದಳು: “ಹೇಳು, ಯಾರಿದು?”

“ನೀನೇ ಅಲ್ವಾ ಆಯಿ, ಮತ್ಯಾರು?” ಎಂದ ಅವನು, ಬಲೆಯಿಂದ ತಲೆ ಎತ್ತಿ.

“ಹಾಗಾದರೆ ಸರಿ” ಎಂದವಳೇ ಮಾವನ ಕಡೆ ತಿರುಗಿ, ದಿವಾಳೆ ಗಾವಿನಲ್ಲಿದ್ದ ಮಗಳಿಗೆ ಇನ್ನೊಂದು ಪ್ರತಿ ಬೇಕೆಂದು ಆರ್ಡರ್ ಕೊಟ್ಟಳು.