ಹಿತ್ತಿಲ ಜಗಲಿ

ಕರಾವಳಿಯ ಹಳೆಯ ಮನೆಗಳಲ್ಲಿ ಮುಂದಿನ ಚಾವಡಿ ಅತಿಥಿಗಳಿಗೆ ಮೀಸಲು. ಅಡುಗೆಮನೆಯ ಹಿಂದಿನ ಜಗಲಿ ಮಾತ್ರ ಮನೆಯವರದೇ. ತೆಂಗಿನಕಾಯಿ ಸುಲಿಯುವುದು, ಮೀನು ಹಸನು ಮಾಡುವುದು, ಮಕ್ಕಳ ತಲೆ ಬಾಚುವುದು ಎಲ್ಲವೂ ಅಲ್ಲಿಯೇ. ಅಸರ್ ನಮಾಝಿನ ಬಳಿಕ, ಕೆಲಸಗಳೆಲ್ಲ ಮುಗಿದಾಗ, ಅದು ಸುಮ್ಮನೆ ಕುಳಿತು ನೋಡುವ ಸ್ಥಳವಾಗುತ್ತದೆ.

ನಮ್ಮ ಜಗಲಿಯಿಂದ ಕಾಣುವುದು ಒಂದು ಬಾವಿ, ಬಸಳೆಯ ಚಪ್ಪರ, ಒಂದು ಮಾವಿನ ಮರ, ನಾಲ್ಕಾರು ತೆಂಗು. ಅಷ್ಟೇ. ಆದರೆ ಕಾಲು ಗಂಟೆ ಅಲುಗಾಡದೆ ಕುಳಿತವರಿಗೆ ಹಿತ್ತಿಲು ತನ್ನ ವ್ಯವಹಾರವನ್ನು ತೆರೆದಿಡುತ್ತದೆ. ಮಡಿವಾಳ ಹಕ್ಕಿ ಬಾವಿಕಟ್ಟೆಗಿಳಿದು ಬಾಲವೆತ್ತಿ ಹುಳ ಹೆಕ್ಕುತ್ತದೆ. ತುಡುವೆ ಜೇನುಗಳು ತೆಂಗಿನ ಹೂಗೊಂಚಲನ್ನು ಮುತ್ತುತ್ತವೆ. ಮಾವಿನ ಮರದಲ್ಲಿ ಕೆಂಪಿರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆಳೆದು ಹಿಡಿಯುತ್ತವೆ. ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಅವು ಸೂಸುವ ನೂಲಿನಿಂದ ಆ ಎಲೆಗಳನ್ನು ಹೊಲಿದು ಗೂಡು ಮಾಡುತ್ತವೆ. ಮಾಡಿನ ಮೂಲೆಯಲ್ಲಿ ಜೇಡವೊಂದು ಹರಿದ ಬಲೆಯನ್ನು ಮತ್ತೆ ನೇಯುತ್ತದೆ.

ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯಕ್ಕೆ ಜೇನುನೊಣದ ಹೆಸರಿದೆ, 27ನೆಯದಕ್ಕೆ ಇರುವೆಯ ಹೆಸರು, 29ನೆಯದಕ್ಕೆ ಜೇಡನ ಹೆಸರು. ಈ ಮೂರನ್ನೂ ಕಾಣಲು ನಾವು ಯಾವ ಕಾಡಿಗೂ ಹೋಗಬೇಕಾಗಿಲ್ಲ.

ಪಕ್ಷಿತಜ್ಞ ಸಾಲಿಂ ಅಲಿಯವರ (1896-1987) ಬದುಕಿನಲ್ಲಿಯೂ ಇಂತಹ ಒಂದು ಕಾಲವಿತ್ತು. ಮುಂಬೈಯಲ್ಲಿದ್ದ ಉದ್ಯೋಗ ಇಲ್ಲವಾದಾಗ ಅವರು ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಮನೆಯ ಸಮೀಪದಲ್ಲಿಯೇ ಇದ್ದ ಗೀಜಗನ ಗೂಡುಗಳನ್ನು ತಾಳ್ಮೆಯಿಂದ ನೋಡಿದರು. ಗಂಡು ಗೀಜಗ ಅರ್ಧ ಗೂಡು ಕಟ್ಟಿ ಕಾಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದನ್ನು ಪೂರ್ಣಗೊಳಿಸುತ್ತದೆ, ಅನಂತರ ಮತ್ತೊಂದು ಗೂಡಿಗೆ ತೊಡಗುತ್ತದೆ ಎಂಬುದನ್ನು ಅವರು ದಾಖಲಿಸಿದ್ದು ಅಲ್ಲಿ. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಅವರು ಸಮೀಕ್ಷಿಸಿದ್ದು ಆ ಬಳಿಕ. ಬರಿಗೈಯ ದಿನಗಳಲ್ಲಿಯೂ ಅವರ ಕಣ್ಣು ಬರಿದಾಗಿರಲಿಲ್ಲ.

ಕಳೆದ ವರ್ಷ ನಮ್ಮ ಮನೆಯ ದುರಸ್ತಿಗೆ ಮೇಸ್ತ್ರಿ ನಕ್ಷೆ ತಂದರು. ಅದರಲ್ಲಿ ಜಗಲಿಯ ಜಾಗದಲ್ಲಿ ಉಗ್ರಾಣವಿತ್ತು. ಜಾಗ ಉಳಿಯುತ್ತದೆ, ಮಳೆಯ ಎರಚಲು ತಪ್ಪುತ್ತದೆ ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೊಣಕಾಲು ನೋವಿನಿಂದ ಅಂಗಳಕ್ಕೂ ಇಳಿಯಲಾಗದ ನಮ್ಮ ಉಮ್ಮ ಎಲ್ಲವನ್ನೂ ಕೇಳಿಸಿಕೊಂಡು, “ಹಾಗಾದರೆ ನಾನು ಎಲ್ಲಿ ಕುಳಿತುಕೊಳ್ಳಲಿ ಮಕ್ಕಳೇ?” ಎಂದಷ್ಟೇ ಕೇಳಿದರು.

ಉಮ್ಮನಿಗೆ ಹಾಸಿಗೆಯಿತ್ತು, ಕುರ್ಚಿಯಿತ್ತು, ಟಿವಿ ಇರುವ ಕೋಣೆಯಿತ್ತು. ಅವರು ಕೇಳಿದ್ದು ಅವುಗಳ ಬಗ್ಗೆ ಅಲ್ಲ. ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರಿಡುವವರು ಅವರು. ಬಾವಿಯ ನೀರು ಯಾವ ತಿಂಗಳು ಎಷ್ಟು ಇಳಿಯಿತೆಂದು ಹೇಳುವವರೂ ಅವರೇ. ಆ ಗೋಡೆ ಎದ್ದಿದ್ದರೆ ಅವರ ಪಾಲಿನ ಜಗತ್ತು ಅಲ್ಲಿಗೇ ನಿಲ್ಲುತ್ತಿತ್ತು. ಉಗ್ರಾಣವನ್ನು ನಾವು ಮಹಡಿಗೆ ಸಾಗಿಸಿದೆವು. ಅಕ್ಕಿಯ ಮೂಟೆ ಹೊತ್ತು ಮೆಟ್ಟಿಲೇರುವ ಶ್ರಮ ಈಗ ನಮ್ಮದು.

ಹೊಸ ಮನೆ ಕಟ್ಟುವ ಸಹೋದರ ಸಹೋದರಿಯರಲ್ಲಿ ನಮ್ಮದೊಂದು ವಿನಂತಿ. ನಕ್ಷೆಗೆ ಒಪ್ಪಿಗೆ ನೀಡುವ ಮುನ್ನ ಮನೆಯ ಹಿರಿಯರನ್ನು ಕರೆದು, ಅವರು ಸಂಜೆ ಎಲ್ಲಿ ಕುಳಿತುಕೊಳ್ಳಲು ಬಯಸುತ್ತಾರೆಂದು ಕೇಳಿರಿ. ನಾಲ್ಕು ಅಡಿ ಅಗಲದ ನೆರಳು, ಎದುರಿಗೊಂದು ಮರ ಇದ್ದರೆ ಸಾಕು.